ಗೇನ್ ಇಳಿಸಿದ ಮೇಲೆ ಭಾರವಾದ ನಮ್ಮ ಎರಡನೆಯ ಆಲ್ಬಂ

ನಮ್ಮ ಮೆಟಲ್‌ಕೋರ್ (ಹೆವಿ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಶೈಲಿ) ಬ್ಯಾಂಡಿನ ಎರಡನೆಯ ಆಲ್ಬಂ ಹೊರಬಂದು ಎಂಟು ತಿಂಗಳಾದವು. ಅದರ ಗಿಟಾರ್‌ಗಳಲ್ಲಿ ಗೇನ್, ಅಂದರೆ ಸದ್ದನ್ನು ಒರಟಾಗಿಸುವ ವರ್ಧನೆ, ಮೊದಲ ಆಲ್ಬಮ್ಮಿನ ಅರ್ಧದಷ್ಟೇ ಇದೆಯೆಂದರೆ ಈಗಲೂ ಕೆಲವರು ನಂಬುವುದಿಲ್ಲ. ಡೆಮೊ ಕೇಳಿಸಿದಾಗ ಬೆಂಗಳೂರಿನ ಮೂವರು ಗಿಟಾರ್ ಗೆಳೆಯರು "ಇದು ಬರೀ ರಾಕ್ ಆಯಿತು" ಎಂದು ತೀರ್ಪು ಕೊಟ್ಟಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಸೆಟ್ಟಿಂಗ್ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಮೊದಲ ಆಲ್ಬಮ್ಮಿನಲ್ಲಿ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮ್ಯಾಸಚೂಸೆಟ್ಸ್‌ನ ಕಿಲ್‌ಸ್ವಿಚ್ ಎಂಗೇಜ್ 2002ರಲ್ಲಿ ತನ್ನ ಎರಡನೆಯ ಆಲ್ಬಮ್ಮಿನಿಂದ ಗಟ್ಟಿಗೊಳಿಸಿದ ಅಚ್ಚು, ಅಂದರೆ ಚರಣದಲ್ಲಿ ಸ್ಕ್ರೀಮ್, ಪಲ್ಲವಿಯಲ್ಲಿ ಶುದ್ಧ ಕಂಠ, ಕೊನೆಯಲ್ಲಿ ಬ್ರೇಕ್‌ಡೌನ್ (ವೇಗ ತಗ್ಗಿ ಭಾರವಾಗುವ ಭಾಗ), ನಮಗೆ ಬಾಯಿಪಾಠವಾಗಿತ್ತು. ಡ್ರಾಪ್ ಸಿ ಟ್ಯೂನಿಂಗ್ (ಅತಿ ಕೆಳಗಿನ ತಂತಿಯನ್ನು ಸಿ ಸ್ವರಕ್ಕೆ ಇಳಿಸಿದ್ದು), ಒಂದರ ಮೇಲೊಂದು ನಾಲ್ಕು ರಿದಮ್ ಗಿಟಾರ್ ಟ್ರ್ಯಾಕ್, ಬಹುತೇಕ ಹಾಡುಗಳಿಗೆ ನಿಮಿಷಕ್ಕೆ 180 ಬೀಟ್‌ಗಳ ಮೇಲಿನ ವೇಗ. ಒಂಬತ್ತು ಹಾಡುಗಳ ಮಿಕ್ಸಿಂಗನ್ನು ಹಾಡೊಂದಕ್ಕೆ ಹನ್ನೆರಡು ಸಾವಿರದಂತೆ ಹೊರಗೆ ಕೊಟ್ಟೆವು. ಬಂದದ್ದು ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು: ಎಲ್ಲಿಯೂ ಸುಕ್ಕಿಲ್ಲ, ಎಲ್ಲಿಯೂ ಉಬ್ಬಿಲ್ಲ. ಮಾಸ್ಟರನ್ನು, ಅಂದರೆ ಬಿಡುಗಡೆಯ ಅಂತಿಮ ಪ್ರತಿಯನ್ನು, ಮೈನಸ್ 6 ಎಲ್‌ಯುಎಫ್‌ಎಸ್‌ವರೆಗೆ (ಸದ್ದಿನ ಜೋರನ್ನು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಒತ್ತಿಸಿದ್ದೆವು. ಸ್ಪಾಟಿಫೈ ಅದನ್ನು ಮೈನಸ್ 14ಕ್ಕೆ ಇಳಿಸಿ ನುಡಿಸಿದಾಗ ಬ್ರೇಕ್‌ಡೌನಿಗೂ ಪಲ್ಲವಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಒಟ್ಟು ಒಂದು ಲಕ್ಷ ತೊಂಬತ್ತು ಸಾವಿರದಷ್ಟು ಹೋಯಿತು. ಸ್ಟ್ರೀಮಿಂಗಿನಿಂದ ಮರಳಿ ಬಂದದ್ದು ನಾಲ್ಕು ಸಾವಿರವನ್ನೂ ಮುಟ್ಟಿರಲಾರದು.

ಎರಡನೆಯದಕ್ಕೆ ವೇಗವನ್ನು 110ರಿಂದ 140ರ ನಡುವೆ ಇಟ್ಟುಕೊಂಡು, ಡ್ರಾಪ್ ಎ ಟ್ಯೂನಿಂಗಿಗೆ ಇಳಿಯುವುದೆಂದು ತೀರ್ಮಾನಿಸಿದೆವು. ಇಳಿದರೆ ಭಾರ ತಾನಾಗಿ ಬರುತ್ತದೆಂಬ ನನ್ನ ನಂಬಿಕೆ ಎರಡೇ ವಾರಗಳಲ್ಲಿ ಕರಗಿತು. ತಂತಿಯ ಉದ್ದ 25.5 ಇಂಚಿರುವ ಗಿಟಾರಿನಲ್ಲಿ ಹಳೆಯ ತಂತಿ ಒಣಗಲು ಕಟ್ಟಿದ ಹಗ್ಗದಂತೆ ಜೋತಾಡಿತು. ಪಿಕ್ ತಾಗಿದೊಡನೆ ಸ್ವರ ಮೇಲಕ್ಕೆ ಹಾರಿ ನಂತರ ಕೆಳಗಿಳಿಯುತ್ತಿತ್ತು. 62ರ ದಪ್ಪ ತಂತಿ ಕೂರಿಸಲು ನಟ್ಟಿಗೆ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಗೆ) ಅರ ಹಾಕಿದೆ, ಅದು ಮುರಿಯಿತು. ಎರಡನೆಯ ನಟ್ಟನ್ನೂ ನಾನೇ ಮುರಿದೆ. ಕಡೆಗೆ ನನ್ನ ಆಂಪ್ ಹೆಡ್ಡನ್ನು ನಲವತ್ತೈದು ಸಾವಿರಕ್ಕೆ ಮಾರಿ, ಮೂವತ್ತೆಂಟು ಸಾವಿರಕ್ಕೆ ಕೆಳಗಿನ ಸ್ವರಗಳಿಗೆಂದೇ ಮಾಡಿದ 27 ಇಂಚಿನ ಹಳೆಯ ಬ್ಯಾರಿಟೋನ್ ಗಿಟಾರ್ ಒಂದನ್ನು ತಂದೆ. ಮನೆಯವರಿಗೆ ಈ ಲೆಕ್ಕ ಇಂದಿಗೂ ಗೊತ್ತಿಲ್ಲ.

ಆದರೂ ಮಿಕ್ಸಿನಲ್ಲಿ ಗೊಜ್ಜೇ ಉಳಿದಿತ್ತು. ಗಿಟಾರಿನ ಕೆಳಗಿನ ಎ ಸ್ವರ 55 ಹರ್ಟ್ಸ್, ಬಾಸಿನದು 27.5, ಇಷ್ಟು ಕೆಳಗೆ ನಾಲ್ಕು ಗಿಟಾರ್‌ಗಳು ಪೂರ್ಣ ಗೇನಿನಲ್ಲಿ ಮೊರೆದರೆ ಬಾಸಿಗೆ ಕಾಲಿಡಲು ಜಾಗವಿರುವುದಿಲ್ಲ. ದಾರಿ ತೋರಿಸಿದ್ದು ಜಾಣತನವಲ್ಲ, ಡೆಂಗಿ. ಎರಡನೆಯ ಗಿಟಾರ್ ವಾದಕ ಮೂರು ವಾರ ಹಾಸಿಗೆ ಹಿಡಿದಿದ್ದರಿಂದ ಎಡಕ್ಕೊಂದು ಬಲಕ್ಕೊಂದು ಎಂದು ನಾನೇ ಎರಡು ಟ್ರ್ಯಾಕ್ ನುಡಿಸಿ ತಾತ್ಕಾಲಿಕ ಮಿಕ್ಸ್ ಮಾಡಿದೆ. ಆ ತಾತ್ಕಾಲಿಕವೇ ಎಲ್ಲಕ್ಕಿಂತ ದೊಡ್ಡದಾಗಿ ಕೇಳಿಸಿತು. ಅಂದಿನಿಂದ ಗೇನನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದು, ಏಳರಲ್ಲಿದ್ದದ್ದನ್ನು ಸುಮಾರು ಮೂರೂವರೆಗೆ ನಿಲ್ಲಿಸಿದೆ. ಪಿಕ್ ತಂತಿಯನ್ನು ಕೆರೆಯುವ ಸದ್ದು, ಪಾಮ್ ಮ್ಯೂಟಿನ (ಅಂಗೈಯಿಂದ ತಂತಿಯನ್ನು ಅದುಮಿ ನುಡಿಸುವುದು) ಹಿಂದಿರುವ ಮರದ ಸದ್ದು, ಎರಡು ಹೊಡೆತಗಳ ನಡುವಿನ ಮೌನ, ಇವೆಲ್ಲ ಮೊದಲ ಸಲ ಕಿವಿಗೆ ಬಿದ್ದವು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಗೇನ್ ಮುಚ್ಚಿಡುತ್ತಿದ್ದ ಕೈಯ ದೋಷವೆಲ್ಲ ಬಯಲಾಗುತ್ತದೆ. ಎಂಟು ಬಾರ್ (ತಾಳದ ಆವರ್ತ) ಉದ್ದದ ಒಂದು ರಿಫ್‌ಗೆ (ಮರಳಿ ಮರಳಿ ಬರುವ ಗಿಟಾರ್ ತುಣುಕಿಗೆ) ಅರವತ್ತಕ್ಕೂ ಹೆಚ್ಚು ಟೇಕ್ ತೆಗೆದುಕೊಂಡಿದ್ದೇನೆ.

ಗಿಟಾರ್‌ಗಳು ಬಿಟ್ಟುಕೊಟ್ಟ ಜಾಗವನ್ನು ತುಂಬಿದ್ದು ಬಾಸ್. ಸಿಗ್ನಲ್ಲನ್ನು ಎರಡಾಗಿ ಸೀಳಿ, 200 ಹರ್ಟ್ಸ್‌ಗಿಂತ ಕೆಳಗಿನದನ್ನು ಶುದ್ಧವಾಗಿಯೇ ಉಳಿಸಿ ಕಂಪ್ರೆಸ್ ಮಾಡಿ (ಜೋರಿನ ಏರಿಳಿತ ತಗ್ಗಿಸಿ), ಮೇಲಿನದನ್ನು ಡಿಸ್ಟಾರ್ಟ್ ಮಾಡುವುದು (ಒರಟಾಗಿಸುವುದು) ನಿಮಗೆಲ್ಲ ಗೊತ್ತಿರುವ ವಿಧಾನವೇ. ಮೇಲಿನ ಪದರದಲ್ಲಿ ನಾನು ಬಳಸಿದ್ದು ಎರಡು ಅಗ್ಗದ ಪೆಡಲ್‌ಗಳು. ಅವು ಯಾವುವು, ಯಾವುದು ಮೊದಲು ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಮೂರನೆಯ ಆಲ್ಬಮ್ಮಿಗೂ ಏನಾದರೂ ಉಳಿಯಬೇಕಲ್ಲ.

ಗೆಳೆಯರ ಎರಡನೆಯ ಅನುಮಾನ ಸಾಹಿತ್ಯದ ಬಗ್ಗೆ ಇತ್ತು. ಮೊದಲ ಆಲ್ಬಂ ಇಂಗ್ಲಿಷಿನಲ್ಲಿತ್ತು. ಇದನ್ನು ಪೂರ್ತಿ ಕನ್ನಡದಲ್ಲಿ ಮಾಡುತ್ತೇವೆಂದಾಗ ಕನ್ನಡದಲ್ಲಿ ಸ್ಕ್ರೀಮ್ ಕೂರುವುದಿಲ್ಲವೆಂದರು. ಬರೆದ ಹಾಗೆಯೇ ಕಿರುಚಿದರೆ ಕೂರುವುದಿಲ್ಲ, ನಿಜ. ನಮ್ಮ ಎಷ್ಟೋ ಪದಗಳು ಉಕಾರದಲ್ಲಿ ಮುಗಿಯುತ್ತವೆ. "ಮುಗಿಯಿತು" ಎಂದು ಚೀರಿದರೆ ಕೊನೆಯಲ್ಲಿ ತುಟಿ ಮುಚ್ಚಿಕೊಂಡು ಸದ್ದು ಅಲ್ಲಿಯೇ ಸಾಯುತ್ತದೆ. "ಮುಗಿದಿದೆ" ಎಂದು ಬದಲಿಸಿದಾಗ ಬಾಯಿ ತೆರೆದೇ ಇರುವುದರಿಂದ ಕೊನೆಯ ಅಕ್ಷರವನ್ನು ಎರಡು ಬಾರ್ ಎಳೆಯಬಹುದು. ನಮ್ಮ ಗಾಯಕ ಹೀಗೆ ಹತ್ತಾರು ಸಾಲುಗಳನ್ನು ತಿದ್ದಿದ. ಇಂಗ್ಲಿಷಿನಲ್ಲಿ ಇಲ್ಲದ ಒಂದು ಲಾಭವೂ ಸಿಕ್ಕಿತು, ಅದು ಒತ್ತಕ್ಷರ. "ಕತ್ತಲೆ", "ಮುಚ್ಚಿದೆ", "ಒಪ್ಪದೆ" ಎನ್ನುವಾಗ ನಡುವೆ ಉಸಿರು ಕ್ಷಣಕಾಲ ಕಟ್ಟಿಕೊಳ್ಳುತ್ತದೆ. ಆ ತಡೆಯನ್ನು ಗಿಟಾರಿನ ಮ್ಯೂಟಿನ ಮೇಲೆ, ಬಿಡುಗಡೆಯನ್ನು ಕಿಕ್ ಡ್ರಮ್ಮಿನ ಮೇಲೆ ಕೂರಿಸಿದರೆ ಇಡೀ ಬ್ಯಾಂಡು ಆ ಪದವನ್ನು ಉಚ್ಚರಿಸಿದಂತಾಗುತ್ತದೆ. ಈ ಆಲ್ಬಮ್ಮಿನಲ್ಲಿ ನನಗೆ ಅತ್ಯಂತ ಹೆಮ್ಮೆ ತಂದದ್ದು ಇದೇ. ಸ್ಕ್ರೀಮ್‌ಗಳೆಲ್ಲ ಕೈಯಲ್ಲಿ ಹಿಡಿದ ಶೂರ್ ಎಸ್‌ಎಂ58ರಲ್ಲಿ, ಬಾಡಿಗೆ ಕೋಣೆಯ ಬಟ್ಟೆ ಬೀರುವಿನ ಎದುರು ಮುದ್ರಣವಾದವು. ದುಬಾರಿ ಕಂಡೆನ್ಸರ್ ಮೈಕನ್ನು ಒಂದು ದಿನ ಬಾಡಿಗೆಗೆ ತಂದಿದ್ದೆವು. ಅದರಲ್ಲಿ ಗಾಯಕನಿಗಿಂತ ಕೆಳಮನೆಯ ಕುಕ್ಕರ್ ಚೆನ್ನಾಗಿ ಕೇಳಿಸಿತು.

ಇವುಗಳ ನಡುವೆ ಡೊಳ್ಳಿನ ಹುಚ್ಚೂ ಹಿಡಿದಿತ್ತು. ಬ್ರೇಕ್‌ಡೌನಿನಲ್ಲಿ ಕಿಕ್ಕಿನ ಕೆಳಗೆ ಡೊಳ್ಳು ಸೇರಿಸಬೇಕೆಂದು ಶಿವಮೊಗ್ಗದ ಕಡೆಯ ಹಳ್ಳಿಯೊಂದಕ್ಕೆ ಹೋಗಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಮಧ್ಯಾಹ್ನವಿಡೀ ರೆಕಾರ್ಡ್ ಮಾಡಿದೆವು. ಅಂಗಳದಲ್ಲಿ ಎದೆ ನಡುಗಿಸಿದ ಸದ್ದು ಮಿಕ್ಸಿನಲ್ಲಿ ಕಿಕ್ಕಿನೊಡನೆ ಫೇಸ್ ಜಗಳಕ್ಕೆ ಬಿದ್ದು, ಅಂದರೆ ಅಲೆಗಳು ಒಂದನ್ನೊಂದು ಅಳಿಸಿ, ಎರಡನ್ನೂ ಬಡವಾಗಿಸಿತು. ಏಳು ಸಾವಿರ ಖರ್ಚಾಗಿದ್ದರಿಂದ ಬಿಡಲು ಮನಸ್ಸಾಗದೆ ಒಂದು ತಿಂಗಳು ಒದ್ದಾಡಿ ಕೊನೆಗೆ ಕೈಬಿಟ್ಟೆ. ಅದೇ ದಿನ ಸುಮ್ಮನೆ ಮುದ್ರಿಸಿಕೊಂಡಿದ್ದ ತಮಟೆ ಮಾತ್ರ ಕೆಲಸಕ್ಕೆ ಬಂದಿತು. ನುಡಿಸುವವರು ಅದನ್ನು ಬೆಂಕಿಗೆ ಹಿಡಿದು ಚರ್ಮ ಬಿಗಿಯಾದೊಡನೆ ಹೊಡೆದ ಮೊದಲ ಕೆಲವು ಏಟುಗಳಲ್ಲಿ ಒಂದು ಒಣ ಸಿಡಿತವಿದೆ. ಆರಿದ ಮೇಲೆ ಅದು ಇರುವುದಿಲ್ಲ. ಆ ಏಟುಗಳನ್ನೇ ಕತ್ತರಿಸಿ ಮೂರು ಹಾಡುಗಳಲ್ಲಿ ಸ್ನೇರ್ ಡ್ರಮ್ಮಿನ ಕೆಳಗೆ ಇಟ್ಟಿದ್ದೇನೆ. ಅದು ತಮಟೆಯೆಂದು ಈವರೆಗೆ ಯಾರೂ ಗುರುತಿಸಿಲ್ಲ.

ಮಾಸ್ಟರನ್ನು ಈ ಬಾರಿ ಮೈನಸ್ 9ರ ಸುಮಾರಿಗೆ ನಿಲ್ಲಿಸಿದೆವು. ಡ್ರಮ್ ಕೋಣೆಗೆ ಎರಡು ದಿನಕ್ಕೆ ಮೂವತ್ತೆರಡು ಸಾವಿರ, ಮಾಸ್ಟರಿಂಗಿಗೆ ಇಪ್ಪತ್ತು ಸಾವಿರ. ಮಿಕ್ಸಿಂಗ್ ನನ್ನದೇ ಆದ್ದರಿಂದ ಅದಕ್ಕೆ ಹೋದದ್ದು ನಿದ್ದೆ ಮಾತ್ರ. ಗಿಟಾರ್, ಡೊಳ್ಳು, ಮುರಿದ ನಟ್ಟುಗಳೆಲ್ಲ ಸೇರಿ ಒಂದು ಲಕ್ಷ ಹತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಇದುವರೆಗಿನ ಕಾರ್ಯಕ್ರಮಗಳಿಂದಲೂ ಟೀ ಶರ್ಟ್‌ಗಳಿಂದಲೂ ಅರವತ್ತು ಸಾವಿರದಷ್ಟು ಮರಳಿದೆ. ಕೊನೆಯ ಟೇಕಿನಲ್ಲಿ ಸೀಳಿಹೋದ ಸಿಂಬಲ್ಲಿನ ಹನ್ನೊಂದು ಸಾವಿರವನ್ನು ಡ್ರಮ್ಮರ್‌ಗೆ ಇನ್ನೂ ಕೊಟ್ಟಿಲ್ಲ. ಅವನು ಅದನ್ನು ಪ್ರತಿ ರಿಹರ್ಸಲಿಗೂ ತಪ್ಪದೆ ತಂದು, ನನಗೆ ಕಾಣುವಂತೆ ನನ್ನ ಕಡೆಗೇ ನಿಲ್ಲಿಸುತ್ತಾನೆ.