ಜೈಲಲ್ಲಿ ಎಲ್ಲರೂ ಕೇಳುವ ಪ್ರಶ್ನೆ: 'ಸರ್, ನನ್ನ ಡೇಟ್ ಯಾವಾಗ?'

ಊರಲ್ಲಿ ನನ್ನನ್ನು ಜೈಲು ಪೊಲೀಸ್ ಅಂತಾರೆ. ನಾವು ಪೊಲೀಸರಲ್ಲ, ನಮ್ಮ ಇಲಾಖೆಯೇ ಬೇರೆ. ನಾನು ವಾರ್ಡರ್. ಕೈದಿಗಳನ್ನು ಕೋರ್ಟಿಗೆ ಕರೆದುಕೊಂಡು ಹೋಗುವುದು ಡಿಎಆರ್, ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಪೊಲೀಸರ ಕೆಲಸ, ಗೇಟಿನ ಒಳಗಿನದ್ದೆಲ್ಲ ನಮ್ಮದು. ಈ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಒಳಗೆ ಹೊಡೆದಾಟ ಜಾಸ್ತಿನಾ, ಹೆದರಿಕೆ ಆಗಲ್ವಾ ಅಂತ. ಹೊಡೆದಾಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬ್ಯಾರಕ್ ಬಿಸಿಯಾಗುವುದು ಹೆಚ್ಚಾಗಿ ಬೇರೆ ಕಾರಣಕ್ಕೆ. ತನ್ನ ಕೇಸು ಎಲ್ಲಿಗೆ ಬಂತು, ಕೋರ್ಟಿನ ಮುಂದಿನ ಡೇಟ್ ಯಾವಾಗ ಅನ್ನುವುದು ಒಳಗಿರುವವನಿಗೆ ಗೊತ್ತೇ ಇರುವುದಿಲ್ಲ.

ಕಾರವಾರದಲ್ಲಿರುವುದು ಜಿಲ್ಲಾ ಕಾರಾಗೃಹ. ದೊಡ್ಡ ಶಿಕ್ಷೆ ಆದವರು ಬೆಳಗಾವಿಯ ಹಿಂಡಲಗಾ, ಧಾರವಾಡದ ಸೆಂಟ್ರಲ್ ಜೈಲುಗಳ ಕಡೆ ಹೋಗುತ್ತಾರೆ. ಇಂಥ ಜೈಲುಗಳಲ್ಲಿ ಉಳಿಯುವವರು ಹೆಚ್ಚಿನಂಶ ವಿಚಾರಣಾಧೀನರು. ಗೋವಾ ಸಾರಾಯಿ ಸಾಗಿಸುವಾಗ ಸಿಕ್ಕವನು, ಗದ್ದೆ ಬೇಲಿ ಜಗಳದಲ್ಲಿ ಕತ್ತಿ ಬೀಸಿದವನು, ಗಾಂಜಾ ಕೇಸಿನವನು, ಬೋಟಿನಲ್ಲಿ ಮೀನು ಹಿಡಿಯಲು ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರು. ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಎಲ್ಲ ಒಂದೇ ಬ್ಯಾರಕ್ಕಿನಲ್ಲಿ. ಕೊಂಕಣಿ ಬಂದರೆ ಅರ್ಧ ಕೆಲಸ ಹಗುರ.

ಹೊಸಬ ಬಂದ ರಾತ್ರಿ ನಾನು ಜಾಸ್ತಿ ಹುಷಾರಾಗಿರುತ್ತೇನೆ. ಗೇಟಲ್ಲಿ ತಪಾಸಣೆ, ಡಾಕ್ಟರ್ ಪರೀಕ್ಷೆ, ಮೈಮೇಲಿನ ಉಂಗುರ, ವಾಚು, ಬೆಳ್ಳಿ ಉಡಿದಾರ ಎಲ್ಲ ಬಿಚ್ಚಿಸಿ ರಿಜಿಸ್ಟರಿಗೆ ಬರೆದುಕೊಳ್ಳುವುದು. ಉಡಿದಾರ ಬಿಚ್ಚುವಾಗ ಕೆಲವರು ಕುಸಿದು ಕೂತುಬಿಡುತ್ತಾರೆ, ಅಲ್ಲಿಯವರೆಗೆ ಜೋರು ಮಾತಾಡಿದವರೂ. ಅಂಥವನನ್ನು ಒಬ್ಬನೇ ಬಿಡುವುದಿಲ್ಲ. ಊಟ ಮಾಡಿದನಾ, ಮಲಗಿದನಾ, ಪಂಚೆ ಟವೆಲ್ ಎಲ್ಲಿಟ್ಟಿದ್ದಾನೆ ಅಂತ ಪ್ರತಿ ರೌಂಡಲ್ಲೂ ನೋಡುತ್ತೇನೆ. "ತಮ್ಮಾ, ಮನೆಯವರಿಗೆ ಗೊತ್ತಾಯ್ತಾ?" ಅಂತ ಕೇಳಿದರೆ ಸಾಕು, ಮಾತು ತಾನಾಗೇ ಬರುತ್ತದೆ.

ಬೆಳಿಗ್ಗೆ ಬೀಗ ತೆಗೆದು ಎಣಿಕೆ, ಸಂಜೆ ಎಣಿಕೆ ಮಾಡಿ ಬೀಗ. ಲೆಕ್ಕ ಕೂಡುವ ತನಕ ಯಾರೂ ಅಲ್ಲಾಡುವ ಹಾಗಿಲ್ಲ. ಚಪ್ಪಲಿ ಅಡಿಯಲ್ಲಿ ಬೀಡಿ, ಹಣ್ಣಿನೊಳಗೆ ಪುಡಿ, ಏನಾದರೂ ತುಂಬಿ ಹೊರಗಿನಿಂದ ಗೋಡೆ ಹಾರಿಸಿದ ಚೆಂಡು, ಇದನ್ನೆಲ್ಲ ಹುಡುಕುವುದು ದಿನದ ಪಾಡು. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ.

ಬರೆಯಬೇಕಾದ್ದು ಡೇಟಿನ ವಿಷಯ. ಬ್ಯಾರಕ್ ಬಾಗಿಲಿಗೆ ಹೋದರೆ ನಾಲ್ಕು ಜನ ಒಟ್ಟಿಗೆ ಕೇಳುತ್ತಾರೆ, "ಸರ್, ನನ್ನ ಡೇಟ್?" ಸುಮ್ನೆ "ನೋಡ್ತೇನೆ ಮಾರಾಯಾ" ಅಂದು ಬಂದುಬಿಡಬಹುದು, ಎಷ್ಟೋ ಜನ ಹಾಗೇ ಮಾಡುತ್ತಾರೆ, ತಪ್ಪು ಅಂತಲೂ ಅಲ್ಲ, ಸಿಬ್ಬಂದಿ ಕಮ್ಮಿ ಇದ್ದಾಗ ಅಷ್ಟೇ ಆಗುವುದು. ನಾನು ಒಂದು ಪಾಕೆಟ್ ಪುಸ್ತಕ ಇಟ್ಟುಕೊಂಡೆ. ಹೆಸರು, ಕೋರ್ಟು, ವಾರಂಟ್ ಮೇಲೆ ಬರೆದ ಮುಂದಿನ ದಿನಾಂಕ, ವಕೀಲರು ಇದ್ದಾರಾ ಇಲ್ವಾ, ಜಾಮೀನು ಅರ್ಜಿ ಎಲ್ಲಿದೆ. ಆಫೀಸಿನ ಕಂಪ್ಯೂಟರಲ್ಲಿ ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್ ತೆಗೆದರೆ ಕೇಸಿನ ಸ್ಥಿತಿ ಬರುತ್ತದೆ. ಡೇಟ್ ಮುಂದೆ ಹೋಗಿದ್ದರೆ ಹೋಗಿದೆ ಅಂತ ಅವತ್ತೇ ಹೇಳುತ್ತೇನೆ. ಬೈಯುತ್ತಾರೆ, ಗೋಡೆಗೆ ಕೈ ಗುದ್ದುತ್ತಾರೆ, ಆದರೆ ರಾತ್ರಿ ಮಲಗುತ್ತಾರೆ. ಗೊತ್ತಿಲ್ಲದೆ ಕಾಯುವವನೇ ಮಧ್ಯರಾತ್ರಿ ಪಕ್ಕದವನ ಕಾಲು ತಾಗಿತು ಅಂತ ಜಗಳ ತೆಗೆಯುವುದು.

2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ಇದು ಚೆನ್ನಾಗಿ ಗೊತ್ತಾಯಿತು. ಅಂಕೋಲಾ ದಾಟಿ ಕುಮಟಾ ಕಡೆಗೆ ಹೆದ್ದಾರಿಯೇ ಬಂದ್. ಹೊನ್ನಾವರ, ಭಟ್ಕಳ ಕಡೆಯ ಮನೆಯವರು ಬರಲಿಲ್ಲ, ಹೊರಗಿನ ಸುದ್ದಿ ಅರ್ಧಂಬರ್ಧ. ಮಳೆ ಬೇರೆ ಬಿಡುತ್ತಿರಲಿಲ್ಲ. ಇಂಥ ಹೊತ್ತಲ್ಲಿ ವಿಡಿಯೋ ಕಾನ್ಫರೆನ್ಸಲ್ಲಿ ಹಾಜರಿ ಹಾಕಿಸುವುದೇ ದಾರಿ. ಅದಕ್ಕಿಂತ ಮುಖ್ಯ, ಮನೆಯವರು ಯಾಕೆ ಬರಲಿಲ್ಲ ಅಂತ ಒಳಗಿದ್ದವನಿಗೆ ಬಿಡಿಸಿ ಹೇಳಬೇಕಿತ್ತು. ಇಲ್ಲದಿದ್ದರೆ ಮನೆಯವರು ಕೈಬಿಟ್ಟರು ಅಂತಲೇ ತಿಳಿದುಕೊಳ್ಳುತ್ತಾನೆ.

ಇನ್ನೊಂದು, ಜಾಮೀನು ಸಿಕ್ಕರೂ ಹೊರಗೆ ಹೋಗಲಾಗದವರು. ಬೋಟಿನ ಹುಡುಗ ಒಬ್ಬನಿದ್ದ, ಹೊಡೆದಾಟದ ಕೇಸು, ಕೋರ್ಟು ಜಾಮೀನು ಕೊಟ್ಟಿತ್ತು. ಜಾಮೀನುದಾರ ಬೇಕು, ಅವನ ಹೆಸರಲ್ಲಿ ಪಹಣಿ ಬೇಕು. ಒಡಿಶಾದ ಹುಡುಗನಿಗೆ ಇಲ್ಲಿ ಯಾರು ಪಹಣಿ ಹಿಡಿದುಕೊಂಡು ಬರುತ್ತಾರೆ? ಬೋಟಿನ ಧಣಿ ಫೋನೇ ಎತ್ತಲಿಲ್ಲ. ಹುಡುಗ ದಿನಾ ಗೇಟಿನ ಕಡೆ ಮುಖ ಮಾಡಿ ಕೂರುತ್ತಿದ್ದ, ಬಟ್ಟೆ ಚೀಲ ಕಟ್ಟಿಟ್ಟುಕೊಂಡು.

ಇದಕ್ಕೆ 2023ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ದಾರಿ ಹೇಳಿದೆ. ಜಾಮೀನು ಆದೇಶದ ಪ್ರತಿಯನ್ನು ಕೋರ್ಟು ಅವತ್ತು ಅಥವಾ ಮರುದಿನ ಜೈಲಿಗೆ ಇಮೇಲ್ ಮಾಡಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟು ತಾನಾಗೇ ನೋಡಬಹುದು. ದುಡ್ಡೇ ತೊಂದರೆ ಆದರೆ ಬಡ ಕೈದಿಗಳಿಗೆ ಕೇಂದ್ರದ ಯೋಜನೆ ಇದೆ. ಇದೆಲ್ಲ ಕಾಗದದಲ್ಲಿ ಇದೆ, ಆದರೆ ಇಂಥವನು ಒಳಗೇ ಉಳಿದಿದ್ದಾನೆ ಅಂತ ಯಾರಾದರೂ ಕಣ್ಣಿಟ್ಟು ಹೇಳಬೇಕಲ್ಲ. ನನ್ನ ಪುಸ್ತಕದಿಂದ ಅವನ ಹೆಸರು ಅಧೀಕ್ಷಕರ ಮೇಜಿಗೆ ಹೋಯಿತು, ಅಲ್ಲಿಂದ ಪ್ರಾಧಿಕಾರಕ್ಕೆ, ಅವರ ವಕೀಲರು ಅರ್ಜಿ ಹಾಕಿ ಷರತ್ತು ಬದಲಾಯಿಸಿಕೊಂಡು ಬಂದರು. ಹೊರಡುವ ದಿನ ಹುಡುಗ ಕೇಳಿದ್ದು ಒಂದೇ, ಸ್ಟೇಷನ್‌ಗೆ ಯಾವ ಬಸ್ಸು ಅಂತ. ರೈಲು ಶಿರವಾಡದಲ್ಲಿ ಅಂತ ದಾರಿ ಹೇಳಿ ಕಳಿಸಿದೆ.

ಈಗ ಹೊಸ ಕಾನೂನಿನಲ್ಲಿ, ಅಂದರೆ 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂನಲ್ಲಿ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವನು ಈಗಿನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡಬೇಕು ಅಂತಿದೆ. ಗಲ್ಲು, ಜೀವಾವಧಿ ಶಿಕ್ಷೆಯ ಕೇಸಿಗೆ ಇದಿಲ್ಲ, ಹಲವು ಕೇಸು ಇದ್ದವರಿಗೂ ಇಲ್ಲ. ಅದಕ್ಕೆ ಕೋರ್ಟಿಗೆ ಬರೆಯಬೇಕಾದವರು ಜೈಲು ಅಧೀಕ್ಷಕರೇ. ಹಾಗಾಗಿ ನನ್ನ ಪುಸ್ತಕದಲ್ಲಿ ಇನ್ನೊಂದು ಕಾಲಂ ಜಾಸ್ತಿ ಆಯಿತು, ಒಳಗೆ ಬಂದ ತಾರೀಖು.

ಮನೆಯವರಿಗೂ ಒಂದು ಮಾತು. ಜೊಯಿಡಾ, ಮುಂಡಗೋಡದಿಂದ ಬರುವವರು ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಸಂದರ್ಶನದ ಹೊತ್ತು ಮೀರಿದರೆ ನಾವು ಏನೂ ಮಾಡಲಾಗುವುದಿಲ್ಲ. ಆಧಾರ್ ಕಾರ್ಡ್ ತನ್ನಿ, ಕೇಸ್ ನಂಬರ್ ಒಂದು ಚೀಟಿಯಲ್ಲಿ ಬರೆದು ತನ್ನಿ. ವಕೀಲರನ್ನು ಇಡಲು ದುಡ್ಡಿಲ್ಲ ಅಂದರೆ ಗೇಟಲ್ಲೇ ಹೇಳಿ, ಉಚಿತ ವಕೀಲರಿಗೆ ಅರ್ಜಿ ಒಳಗಿಂದಲೇ ಹೋಗುತ್ತದೆ.