28 ಎಚ್‌ಪಿ ಸಾಕಾಯಿತು: ಚಕ್ರಕ್ಕೆ ಹಿಡಿತ ತಂದ ಕಥೆ

ನನ್ನದು 28 ಎಚ್‌ಪಿ ಟ್ರ್ಯಾಕ್ಟರ್. ಜಮೀನು 5 ಎಕರೆಗೆ ಸ್ವಲ್ಪ ಕಮ್ಮಿ, ಅದೂ ಆರು ತುಂಡು. ಮೂರು ವರ್ಷ ಎಲ್ಲರ ಬಾಯಲ್ಲೂ ಒಂದೇ ಮಾತು: "ಈ ಆಟಿಕೆ ಇಟ್ಕೊಂಡು ಏನ್ ಮಾಡ್ತೀಯ, ಮಾರಿ 45ಕ್ಕೆ ಹೋಗು." ಅವರದ್ದೂ ತಪ್ಪಲ್ಲ. 9 ಹಲ್ಲಿನ ಕಲ್ಟಿವೇಟರ್ (ಹಿಂದೆ ಕಟ್ಟಿ ಉಳುವ ಸಲಕರಣೆ) ಇಳಿಸಿದರೆ ಹಿಂದಿನ ಚಕ್ರ ಗಿರಗಿರ ತಿರುಗುತ್ತಿತ್ತು, ಗಾಡಿ ಆಮೆ ಥರ ಹೋಗುತ್ತಿತ್ತು. ಎಕರೆಗೆ ಒಂದೂವರೆ ಗಂಟೆ, ಐದೂವರೆ ಲೀಟರ್ ಡೀಸೆಲ್. ಈಗ ಒಂದು ಗಂಟೆ ಚಿಲ್ಲರೆ, ನಾಲ್ಕು ಲೀಟರ್ ಒಳಗೆ. ಟ್ರ್ಯಾಕ್ಟರ್ ಅದೇ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ಸೆಕೆಂಡ್ ಹ್ಯಾಂಡ್ ಅಗಲ ಟೈರ್ ಒಂದು ಜೊತೆ ತಂದೆ. ಮಡ್‌ಗಾರ್ಡ್‌ಗೆ ಉಜ್ಜಿತು. ರಿಮ್ ಬದಲಾಯಿಸಬೇಕು ಅಂದರು. ಆ ಟೈರ್ ಇವತ್ತಿಗೂ ಕೊಟ್ಟಿಗೆಯಲ್ಲಿ ಒರಗಿದೆ. ಆಮೇಲೆ 5 ಅಡಿ ರೋಟವೇಟರ್ (ತಿರುಗುವ ಅಲಗಿನಿಂದ ಮಣ್ಣು ಪುಡಿ ಮಾಡುವುದು), ಕಡಿಮೆಗೆ ಸಿಕ್ಕಿತು ಅಂತ. ಎಂಜಿನ್ ಮೇಲೆ 28 ಅಂತ ಬರೆದಿದ್ದರೂ ಪಿಟಿಒಗೆ, ಅಂದರೆ ಸಲಕರಣೆ ತಿರುಗಿಸುವ ಹಿಂದಿನ ಶಾಫ್ಟಿಗೆ, ಬರುವುದು ಅದಕ್ಕಿಂತ ಕಮ್ಮಿ. ಅದು ನನಗೆ ಗೊತ್ತಿತ್ತು, ಆಸೆ ಕೇಳಬೇಕಲ್ಲ. ಗಟ್ಟಿ ನೆಲದಲ್ಲಿ ಎರಡು ಸಲ ಶಿಯರ್ ಬೋಲ್ಟ್ (ಭಾರ ಮೀರಿದರೆ ಮುರಿಯಲೆಂದೇ ಹಾಕಿದ ಬೋಲ್ಟ್) ಮುರಿದ ಮೇಲೆ ಅರ್ಧ ಬೆಲೆಗೆ ಮಾರಿದೆ. ಎರಡೂ ಸೇರಿ ಒಂದು ವರ್ಷದ ಡೀಸೆಲ್ ದುಡ್ಡು ಹೋಯಿತು.

ದಾರಿ ತೋರಿಸಿದ್ದು ಒಂದು ಸೀಮೆಸುಣ್ಣದ ತುಂಡು. ಹಿಂದಿನ ಟೈರ್ ಪಕ್ಕಕ್ಕೆ ಒಂದು ಗೆರೆ ಎಳೆದೆ. ಕಲ್ಟಿವೇಟರ್ ಎತ್ತಿಕೊಂಡು ಅದೇ ಹೊಲದಲ್ಲಿ ಚಕ್ರ 10 ಸುತ್ತು ಬರುವ ತನಕ ಓಡಿಸಿ ಅಳೆದರೆ 35 ಮೀಟರ್ ಹತ್ತಿರ ಬಂತು. ಹಲ್ಲು ಇಳಿಸಿ ಅದೇ 10 ಸುತ್ತಿಗೆ 25 ಮೀಟರ್. ಅಂದರೆ ನೂರಕ್ಕೆ 28ರಷ್ಟು ಜಾರಿಕೆ! ನಾಲ್ಕು ಸುತ್ತಿಗೆ ಒಂದು ಸುತ್ತು ಸುಮ್ನೆ ಟೈರ್ ಸವೆಸಿಕೊಂಡು ಮಣ್ಣು ಕೆದರುವುದಕ್ಕೆ ಹೋಗ್ತಿತ್ತು. ಎಂಜಿನ್ನಿಗೆ ಕಸುವಿತ್ತು, ಚಕ್ರಕ್ಕೆ ಹಿಡಿತ ಇರಲಿಲ್ಲ. ಇಷ್ಟು ತಿಳಿಯಲು ಮೂರು ವರ್ಷ ಬೇಕಾಯಿತು ನೋಡಿ.

ಹಿಡಿತಕ್ಕೆ ಹಿಂದಿನ ಚಕ್ರದ ಮೇಲೆ ಭಾರ ಬೇಕು. ಮೊದಲ ಪ್ರಯೋಗ ಮಡ್‌ಗಾರ್ಡ್ ಮೇಲೆ ಮರಳಿನ ಚೀಲ. ಎರಡನೇ ತಿರುವಿಗೇ ಒಂದು ಬಿತ್ತು, ಮಡ್‌ಗಾರ್ಡ್ ಬೋಲ್ಟ್ ಸಡಿಲವಾಯಿತು. ಅದನ್ನು ಯಾರೂ ಮಾಡಬೇಡಿ.

ಆಮೇಲೆ ಟೈರಿಗೆ ನೀರು. ಎಲ್ಲರೂ ನಕ್ಕರು. "ಟ್ಯೂಬ್ ಕೊಳೆಯುತ್ತೆ, ಆಕ್ಸಲ್ ಹೋಗುತ್ತೆ" ಅಂದರು. ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು, ವಾಲ್ವ್ ಮೇಲಕ್ಕೆ ಬರುವ ಹಾಗೆ ಚಕ್ರ ತಿರುಗಿಸಿದೆ. ವಾಲ್ವಿನ ಮಟ್ಟದ ತನಕ ನೀರು, ಅಂದರೆ ಮುಕ್ಕಾಲು ಭಾಗ. ಮಿಕ್ಕಿದ್ದು ಗಾಳಿ. ಪೂರ್ತಿ ತುಂಬಿದರೆ ಟೈರ್ ಕಲ್ಲಾಗುತ್ತೆ. ನನ್ನದು 11.2-24 ಅಳತೆಯ ಟೈರ್, ಒಂದಕ್ಕೆ 120 ಲೀಟರ್ ಹತ್ತಿರ ಹಿಡಿಸಿತು. ಎರಡೂ ಸೇರಿ 240 ಕೆಜಿ, ಖರ್ಚು ಪೈಪನ್ನು ವಾಲ್ವಿಗೆ ಜೋಡಿಸುವ ಒಂದು ಅಡಾಪ್ಟರ್ ಅಷ್ಟೇ. ಮೊದಲ ಸಲ ಒಳಗಿನ ಗಾಳಿ ಹೊರಗೆ ಬರಲು ದಾರಿ ಬಿಡದೆ ಎರಡು ಗಂಟೆ ಪೈಪ್ ಹಿಡಿದು ನಿಂತಿದ್ದೆ, ಹತ್ತು ಲೀಟರೂ ಹೋಗಿರಲಿಲ್ಲ. ನಡುನಡುವೆ ಪೈಪ್ ತೆಗೆದು ಗಾಳಿ ಬಿಡಬೇಕು. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಬರೀ ನೀರು ನಡೆಯುವುದಿಲ್ಲ, ಹೆಪ್ಪುಗಟ್ಟದ ದ್ರಾವಣವೇ ಬೇಕು.

ಹೊಲದಲ್ಲಿ ಗಾಳಿ 12ರಿಂದ 14 ಪಿಎಸ್‌ಐಗೆ ಇಳಿಸಿದೆ. ಮೊದಲು 25 ಇಟ್ಟುಕೊಂಡೇ ಉಳುತ್ತಿದ್ದೆ, ಅಂಗಡಿಯವನು ತುಂಬಿ ಕೊಟ್ಟಿದ್ದು ಅಂತ. ಗಾಳಿ ಇಳಿದರೆ ಟೈರಿನ ಪಾದ ಅಗಲವಾಗಿ ಊರುತ್ತದೆ. ಟ್ರೇಲರ್ ಕಟ್ಟುವ ದಿನ ಮಾತ್ರ ಮತ್ತೆ ಏರಿಸಲೇಬೇಕು, ಇಲ್ಲದಿದ್ದರೆ ಟೈರಿನ ಪಕ್ಕ ಸೀಳುತ್ತೆ.

ಇಷ್ಟಕ್ಕೆ ಜಾರಿಕೆ ನೂರಕ್ಕೆ 19ಕ್ಕೆ ಬಂತು. ಆಗಲೇ ಒಂದು ಹುಚ್ಚು ಕೆಲಸ ಮಾಡಿದೆ. ಹಿಡಿತ ಬಂತಲ್ಲ ಅಂತ ಒಂದು ಮರದ ಬುಡ ಕೀಳಲು ಹೋದೆ. ಸರಪಳಿಯನ್ನು ಟಾಪ್ ಲಿಂಕ್ (ಸಲಕರಣೆ ಹಿಡಿಯುವ ಮೇಲಿನ ಸಲಾಕೆ) ಜಾಗಕ್ಕೆ ಕಟ್ಟಿ ಕ್ಲಚ್ ಬಿಟ್ಟೆ. ಮುಂದಿನ ಚಕ್ರ ಎದೆಮಟ್ಟಕ್ಕೆ ಎದ್ದಿತು. ಕಾಲು ತಾನಾಗಿ ಕ್ಲಚ್ ತುಳಿಯಿತು, ಬದುಕಿದೆ. ಎಳೆಯುವ ಕೆಲಸ ಏನಿದ್ದರೂ ಹಿಂದೆ ಕೆಳಗಿರುವ ಡ್ರಾಬಾರ್ ಅನ್ನುವ ಎಳೆಯುವ ಪಟ್ಟಿಗೇ ಕಟ್ಟಬೇಕು. ಆವತ್ತಿನಿಂದ ಮುಂದೆಯೂ ತೂಕ ಹಾಕಿದ್ದೇನೆ. ಅದನ್ನು ಯಾವುದರಿಂದ ಮಾಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ನೋಡಿದವರು ನಗ್ತಾರೆ.

ಉಳಿದ ಜಾರಿಕೆ ಹೋಗಿದ್ದು ಡ್ರಾಫ್ಟ್ ಲಿವರಿನಿಂದ. ನಮ್ಮಲ್ಲಿ ಬಹಳ ಜನ ಸಲಕರಣೆಯನ್ನು ಒಂದೇ ಎತ್ತರಕ್ಕೆ ಹಿಡಿದಿಡುವ ಪೊಸಿಷನ್ ಲಿವರ್ ಒಂದನ್ನೇ ಮುಟ್ಟುವುದು, ಅಲ್ವಾ? ನಾನೂ ಹಾಗೇ ಇದ್ದೆ. ಡ್ರಾಫ್ಟ್‌ಗೆ ಬಿಟ್ಟರೆ ಗಟ್ಟಿ ಜಾಗ ಬಂದಾಗ ಹೈಡ್ರಾಲಿಕ್ ತಾನೇ ಒಂದಿಷ್ಟು ಎತ್ತುತ್ತದೆ, ಆ ಭಾರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಮೊದಲ ದಿನ ಆಳ ಏರುಪೇರಾಗಿ ಹೊಲ ಅಲೆಅಲೆಯಾಗಿ ಕಂಡಿತು. ಟಾಪ್ ಲಿಂಕ್ ಉದ್ದ ಸರಿಮಾಡಲು ಒಂದು ವಾರ ಹಿಡಿಯಿತು.

ಕೊನೆಗೆ ಕಲ್ಟಿವೇಟರಿನ 9 ಹಲ್ಲಿನಲ್ಲಿ 2 ಬಿಚ್ಚಿದೆ. ಅಗಲ ಕಮ್ಮಿಯಾದರೂ ಮೇಲಿನ ಗೇರಿನಲ್ಲಿ ಹೋಗುವುದರಿಂದ ಎಕರೆ ಬೇಗ ಮುಗಿಯುತ್ತದೆ. ಪಕ್ಕದ ಹೊಲದ ಅಣ್ಣ ಇದನ್ನು ಇನ್ನೂ ನಂಬಿಲ್ಲ, ಗಡಿಯಾರ ಹಿಡಿದು ಬದುವಿನ ಮೇಲೆ ಕೂತಿದ್ದರೂ. ಯಾವ ಎರಡು ಹಲ್ಲು ಅಂತ ಕೇಳಬೇಡಿ. ಎಡಬಲ ಸಮ ಇರಬೇಕು, ಚಕ್ರದ ಗುರುತಿನ ಹಿಂದೆ ಹಲ್ಲು ಇರಲೇಬೇಕು. ಇಷ್ಟು ಹೇಳಿದ ಮೇಲೆ ನೀವೇ ಹುಡುಕ್ತೀರಿ.

ಈಗ 10 ಸುತ್ತಿಗೆ 30 ಮೀಟರ್ ದಾಟುತ್ತದೆ, ಜಾರಿಕೆ ನೂರಕ್ಕೆ 12-13. ಇನ್ನೂ ಇಳಿಸಬಹುದಿತ್ತು, ಬಿಟ್ಟೆ. ಜಾರಿಕೆ ತೀರಾ ಕಮ್ಮಿಯಾದರೆ ತೂಕ ಜಾಸ್ತಿ ಅಂತ ಅರ್ಥ. ಮಣ್ಣು ಅದುಮಿ ಹೋಗುತ್ತದೆ, ಗೇರ್‌ಬಾಕ್ಸಿಗೂ ಪೆಟ್ಟು.

ನಡುವೆ ತಿರುವಿನ ಲೆಕ್ಕವನ್ನೂ ಹಾಕಿದೆ. ಚಿಕ್ಕ ತುಂಡಿನಲ್ಲಿ ಮೂರನೇ ಒಂದು ಪಾಲು ಹೊತ್ತು ಬರೀ ತಿರುಗಿಸುವುದಕ್ಕೇ ಹೋಗ್ತಿತ್ತು. ಈಗ ಉದ್ದಕ್ಕೇ ಹೊಡೆಯುತ್ತೇನೆ. ಪಕ್ಕದ ಪಟ್ಟಿಗೆ ಹೋಗದೆ ಒಂದು ಬಿಟ್ಟು ಒಂದು. ರಿವರ್ಸ್ ಬೇಕಾಗುವುದಿಲ್ಲ, ಬಿಟ್ಟ ಪಟ್ಟಿಗಳನ್ನು ವಾಪಸ್ ಬರುವಾಗ ಮುಗಿಸುವುದು. ಹಗುರ ಕೆಲಸವಾದರೆ ಗೇರ್ ಮೇಲೆ, ಆಕ್ಸಿಲರೇಟರ್ ಕೆಳಗೆ. ಇದೇ ಚಾಲಾಕಿಯನ್ನು ಈಗಿನ ಚಿಕ್ಕ ರೋಟವೇಟರಿಗೂ ಮಾಡಲು ಹೋಗಿ ಕೆಟ್ಟೆ. ಪಿಟಿಒ ನಿಮಿಷಕ್ಕೆ 540 ಸುತ್ತಿಗಿಂತ ಬಹಳ ಇಳಿಸಿದಾಗ ಹೆಂಟೆ ಹಾಗೇ ಉಳಿಯಿತು, ಇನ್ನೊಂದು ಸಲ ಹೊಡೆಯಬೇಕಾಯಿತು. ಉಳಿಸಿದ ಡೀಸೆಲ್ ಅಲ್ಲೇ ಹೋಯಿತು.

ಮಣ್ಣಿನ ತೇವದ ಹದ ತಪ್ಪಿದರೆ ಮೇಲಿನದ್ಯಾವುದೂ ಕೆಲಸಕ್ಕೆ ಬರುವುದಿಲ್ಲ. ಮುಷ್ಟಿಯಲ್ಲಿ ಹಿಡಿದ ಉಂಡೆ ಬೆರಳು ತಾಗಿಸಿದರೆ ಪುಡಿಯಾಗಬೇಕು. ಅಂಟಿಕೊಂಡರೆ ನಾನು ಟ್ರ್ಯಾಕ್ಟರ್ ತೆಗೆಯುವುದೇ ಇಲ್ಲ.

ನೀರು ತುಂಬಿ ಎರಡು ವರ್ಷ ದಾಟಿತು. ಟ್ಯೂಬ್ ಕೊಳೆತಿಲ್ಲ, ಆಕ್ಸಲ್ ಹೋಗಿಲ್ಲ. ರಸ್ತೆಯಲ್ಲಿ ಬ್ರೇಕ್ ಹಿಡಿಯುವ ದೂರ ಮಾತ್ರ ಜಾಸ್ತಿಯಾಗಿದೆ, ಇಳಿಜಾರಿನಲ್ಲಿ ಮೊದಲೇ ಗೇರ್ ಇಳಿಸುತ್ತೇನೆ. ಎಡಗಡೆ ಟೈರಿನ ವಾಲ್ವ್ ಸಣ್ಣಗೆ ಜಿನುಗುತ್ತಿದೆ. ಬಿತ್ತನೆ ಮುಗಿಯಲಿ ಅಂತ ಕಾಯ್ತಾ ಇದ್ದೇನೆ, ಬಿಚ್ಚಿದರೆ ಆ 120 ಲೀಟರನ್ನು ಮತ್ತೆ ಮೊದಲಿಂದ ತುಂಬಬೇಕಲ್ಲ.