ಹಡಗು ಹತ್ತುವ ಮೊದಲು ಕಣ್ಣು ತೋರಿಸಿ

ಮರ್ಚೆಂಟ್ ನೇವಿ ಎಂದರೆ ನೌಕಾಪಡೆಯಲ್ಲ, ಸರಕು ಸಾಗಿಸುವ ವಾಣಿಜ್ಯ ಹಡಗುಗಳ ಕೆಲಸ. ನಮ್ಮ ವಿದೇಶ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಶೇ 95 ಸಮುದ್ರದ ಮೇಲೇ ಹೋಗುತ್ತದೆ. ಮೈಸೂರು, ಮಂಡ್ಯ ಕಡೆಯಿಂದ ಹೊರಡುವವರು ಎಡವುವುದು ಒಂದೇ ಕಡೆ: ಮೊದಲು ಫೀಸು, ಆಮೇಲೆ ವೈದ್ಯಕೀಯ ಪರೀಕ್ಷೆ.

ಕಣ್ಣಿನಿಂದಲೇ ಶುರು ಮಾಡಿ. ಊರಿನ ಕಣ್ಣಿನ ಡಾಕ್ಟರ ಹತ್ತಿರ, ಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪರೀಕ್ಷೆ ಮಾಡಿಸಿ. ರಾತ್ರಿ ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಎದುರಿನ ಹಡಗು ಯಾವ ಕಡೆ ಸಾಗುತ್ತಿದೆ ಎಂದು ಅದರಿಂದಲೇ ತಿಳಿಯಬೇಕು. ಬಣ್ಣಗುರುಡಿದ್ದರೆ ಹಡಗು ನಡೆಸುವ ಡೆಕ್ ವಿಭಾಗವೂ ಇಲ್ಲ, ಯಂತ್ರ ನೋಡಿಕೊಳ್ಳುವ ಎಂಜಿನ್ ವಿಭಾಗವೂ ಇಲ್ಲ. ಕನ್ನಡಕದವರಿಗೆ ಎಂಜಿನ್ ವಿಭಾಗದಲ್ಲಿ ಒಂದು ಮಿತಿಯೊಳಗೆ ಅವಕಾಶವಿದೆ. ಅಧಿಕೃತ ಪ್ರಮಾಣಪತ್ರವನ್ನು ಮಾತ್ರ ಡಿ.ಜಿ. ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯ) ಮಾನ್ಯತೆಯ ವೈದ್ಯರೇ ಕೊಡಬೇಕು.

ಪಿಯುಸಿ ಮುಗಿಸಿ ಸೇರುವ ಕೋರ್ಸುಗಳಿಗೆ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಸೇರಿ 300ಕ್ಕೆ 180 ಬೇಕು. ಕನ್ನಡದಲ್ಲಿ 98 ಬಂದಿದ್ದರೂ ಈ ಲೆಕ್ಕಕ್ಕೆ ಸೇರದು. ಹತ್ತನೇ ತರಗತಿ ಅಥವಾ ಪಿಯುಸಿಯ ಇಂಗ್ಲಿಷಿನಲ್ಲಿ ಶೇ 50 ಇರಬೇಕು. ಕೆಸಿಇಟಿ ರ‍್ಯಾಂಕ್ ಇಲ್ಲಿ ನಡೆಯದು. ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ, ಐಎಂಯು ಸಿಇಟಿ ಬರೆಯಬೇಕು. ನಾಲೆಯಲ್ಲಿ ಈಜಿ ಕಲಿತಿದ್ದರೆ ತರಬೇತಿಗೆ ಅನುಕೂಲ, ಆದರೆ ಅದಕ್ಕೆ ಅಂಕವಿಲ್ಲ.

ಪಾಸ್‌ಪೋರ್ಟ್ ಮೈಸೂರಿನಲ್ಲೇ ಆಗುತ್ತದೆ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು ಎಂದಾದರೆ ಮುಂದೆ ಇಂಡೋಸ್ ಸಂಖ್ಯೆ (ನಾವಿಕರ ಗುರುತು ಸಂಖ್ಯೆ), ಸಿಡಿಸಿ (ನಾವಿಕರ ಸೇವಾ ಪುಸ್ತಕ) ಪಡೆಯುವಾಗ ತಕರಾರು ಬರುತ್ತದೆ. ಈಗಲೇ ಸರಿಪಡಿಸಿಕೊಳ್ಳಿ.

ಕೋರ್ಸುಗಳಲ್ಲಿ ಆಕರ್ಷಕವೂ ಅಪಾಯದ್ದೂ ಆದದ್ದು ನಾಟಿಕಲ್ ಸೈನ್ಸ್ (ನೌಕಾಯಾನ ವಿಜ್ಞಾನ) ಡಿಪ್ಲೊಮಾ, ಅಂದರೆ ಡಿಎನ್‌ಎಸ್. ತರಗತಿ ಒಂದೇ ವರ್ಷ, ಆದರೆ ಅದರ ನಂತರ 18 ತಿಂಗಳು ಹಡಗಿನಲ್ಲಿ ಕೆಡೆಟ್ (ತರಬೇತಿಯ ಅಧಿಕಾರಿ) ಆಗಿ ದುಡಿಯದೆ ಡೆಕ್ ಅಧಿಕಾರಿಯ ಮೊದಲ ಹಂತವಾದ ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರಲಾಗದು. ಆ ಜಾಗ ಕೊಡುವುದು ಶಿಪ್ಪಿಂಗ್ ಕಂಪನಿ, ಕಾಲೇಜಲ್ಲ. ಹಾಗಾಗಿ ಕಂಪನಿಯ ಸ್ಪಾನ್ಸರ್‌ಷಿಪ್ ಪತ್ರ ಕೈಗೆ ಬರುವ ತನಕ ಫೀಸು ಕಟ್ಟಬೇಡಿ. ಸ್ಪಾನ್ಸರ್ ಸಿಗದವರಿಗೆ ಮೂರು ವರ್ಷದ ನಾಟಿಕಲ್ ಸೈನ್ಸ್ ಬಿಎಸ್ಸಿ ಅಥವಾ ನಾಲ್ಕು ವರ್ಷದ ಮರೀನ್ ಎಂಜಿನಿಯರಿಂಗ್ ಬಿ.ಟೆಕ್ ಮೇಲು. ಕಡಲು ಹಿಡಿಸದಿದ್ದರೂ ಪದವಿಯಂತೂ ಉಳಿಯುತ್ತದೆ. ಮೆಕ್ಯಾನಿಕಲ್ ಬಿ.ಇ. ಮುಗಿಸಿದವರಿಗೆ ಒಂದು ವರ್ಷದ ಜಿಎಂಇ (ಪದವೀಧರರ ಮರೀನ್ ಎಂಜಿನಿಯರಿಂಗ್ ಕೋರ್ಸು) ಇದೆ. ಹತ್ತನೇ ತರಗತಿ ಓದಿದವರಿಗೆ ಆರು ತಿಂಗಳ ಜಿ.ಪಿ. ರೇಟಿಂಗ್ (ಅಧಿಕಾರಿಯಲ್ಲದ ನಾವಿಕರ ತರಬೇತಿ).

ಏಜೆಂಟರು ಸಿಕ್ಕರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿಯ, ಅಂದರೆ ಆರ್‌ಪಿಎಸ್‌ಎಲ್ ಸಂಖ್ಯೆ ಕೇಳಿ, ಚಾಲ್ತಿಯಲ್ಲಿದೆಯೇ ಎಂದು ಡಿ.ಜಿ. ಶಿಪ್ಪಿಂಗ್ ಜಾಲತಾಣದಲ್ಲಿ ನೋಡಿ. ಕೆಲಸ ಕೊಡಿಸಲು ನಾವಿಕರಿಂದ ಹಣ ಪಡೆಯುವಂತಿಲ್ಲವೆಂದು 2006ರ ಅಂತರರಾಷ್ಟ್ರೀಯ ಸಾಗರ ಕಾರ್ಮಿಕ ಒಡಂಬಡಿಕೆ ಹೇಳುತ್ತದೆ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ಸಿಡಿಸಿ ಖರ್ಚು ನಿಮ್ಮದು. ವೀಸಾ ಖರ್ಚು ಹಡಗಿನ ಮಾಲೀಕರದ್ದು.